ಹೊಗೆ ತೋರಿಸದ ಎಂಜಿನ್

ಇವತ್ತು ನನ್ನ ಮೊಮ್ಮಗ ಬಲಗೈಯಲ್ಲೇ ಕೀ ತಿರುಗಿಸಿ ಕಾರು ಸ್ಟಾರ್ಟ್ ಮಾಡಿದ! ಇದನ್ನು ಮೊದಲು ಬರೆದುಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ಎಡಗೈಯಲ್ಲಲ್ಲ, ಹೆಂಡತಿಯ ಕೈಲಿ ಮಾಡಿಸಿಯೂ ಅಲ್ಲ. ಸುಟ್ಟು ಮುರುಟಿಕೊಂಡಿದ್ದ ಅದೇ ಬಲಗೈ. ಹೆಬ್ಬೆರಳನ್ನೂ ತೋರುಬೆರಳನ್ನೂ ಹಲ್ಲು ಕಚ್ಚಿ ಕೂಡಿಸಿದ, ಕೀ ಹಿಡಿದ, ತಿರುಗಿಸಿದ. ಎಂಜಿನ್ ಒಂದು ಸಲ ಕೆಮ್ಮಿ ಹತ್ತಿಕೊಂಡಿತು. ನಾನು ರಸ್ತೆಗೆ ಓಡಿ, ಹೋಗುತ್ತಿದ್ದ ಹೂವಿನವಳನ್ನು ತಡೆದು, "ನಮ್ಮುಡ್ಗನ ಬೆರಳು ಮಡಚ್ಕಂಡೋ ಕಣವ್ವ!" ಎಂದೆ. ಅವಳಿಗೆ ಏನು ತಿಳಿಯಿತೋ ಏನೋ, ಒಂದು ಮೊಳ ಸೇವಂತಿಗೆ ನನ್ನ ಕೈಗೆ ಹಾಕಿ, "ಒಳ್ಳೇದಾಯ್ತು ಬುಡಜ್ಜಿ" ಎಂದು ಹೋದಳು.

ನಾನು ಇಸ್ಕೂಲಿಗೆ ಹೋದದ್ದು ಅಕ್ಷರ ಕೂಡಿಸಿಕೊಳ್ಳುವಷ್ಟು ಮಾತ್ರ. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ. ಇವತ್ತು ಬರೆಯದೆ ಇರಲು ನನ್ನಿಂದ ಆಗದು.

ನಮ್ಮ ಶೆಡ್ಡು ಇರುವುದು ಹಾಸನದಲ್ಲಿ, ಹೊಳೆನರಸೀಪುರದ ರಸ್ತೆಗೆ. ಮುಂದೆ ಶೆಡ್ಡು, ಹಿಂದೆ ಮನೆ. ಮನೆಯಲ್ಲಿ ನಾನು, ಮೊಮ್ಮಗ, ಅವನ ಹೆಂಡತಿ. ಮಗ ಸೊಸೆ ದುದ್ದದಲ್ಲಿ ಹಸು, ರಾಗಿ ನೋಡಿಕೊಂಡಿದ್ದಾರೆ. ಮೊಮ್ಮಗನಿಗೆ ರಿಪೇರಿ ಕಲಿಸಿದ್ದು ಅವನ ತಾತ, ಅಂದರೆ ತೀರಿಹೋದ ನನ್ನ ಯಜಮಾನರು. ಹರದನಹಳ್ಳಿ ಕಡೆಯ ಟ್ರಾಕ್ಟರುಗಳೆಲ್ಲ ಅವರ ಕೈಯಲ್ಲೇ ರಿಪೇರಿಯಾಗುತ್ತಿದ್ದವು. ಎಂಜಿನ್ನಿಗೆ ಬಲ ಕೂಡಿಸುವುದಕ್ಕೆ ಅವರದೊಂದು ಕ್ರಮವಿತ್ತು. ಕಪ್ಪು ಹೊಗೆ ಕಾಣುವವರೆಗೆ ತಿರುಪು ತಿರುಗಿಸು. ಕಂಡ ಕೂಡಲೇ ಒಂಚೂರು ಹಿಂದಕ್ಕೆ ಬಿಡು. ಆಮೇಲೆ ಎಂಜಿನ್ನಿನ ಮೈಯಾದ ಬ್ಲಾಕಿನ ಮೇಲೆ ಅಂಗೈ ಇಟ್ಟು ಮನೆದೇವರ ಹೆಸರು ಹೇಳು. ಹೆಸರು ಮುಗಿಯುವ ತನಕ ಕೈ ತಡೆದರೆ ಎಂಜಿನ್ನೂ ತಡೆಯುತ್ತದೆ. ಹಾಗೆ ಮುಟ್ಟಿದ ಟ್ರಾಕ್ಟರು ಯಾವುದೂ ಅವರ ಮಾತು ಕೆಡಿಸಲಿಲ್ಲ. ಆದರೆ ಅವೆಲ್ಲ ಕಬ್ಬಿಣದ ಬ್ಲಾಕು, ಡೀಸೆಲ್ ಎಂಜಿನ್ನು.

ಹೋದ ವರ್ಷ ಬಾಗೂರಿನ ತೆಂಗಿನಕಾಯಿ ವ್ಯಾಪಾರಿಯೊಬ್ಬ ತನ್ನ ಹೊಸ ಕಾರು ತಂದ. ಪೆಟ್ರೋಲಿನದು, ಟರ್ಬೋ ಇರುವುದು. ಟರ್ಬೋ ಅಂದರೆ ಎಂಜಿನ್ ಬಿಡುವ ಬಿಸಿಯುಸಿರಿನ ರಭಸಕ್ಕೇ ತಿರುಗುವ ಚಕ್ರ. ಅದು ಎಂಜಿನ್ನಿನೊಳಕ್ಕೆ ಗಾಳಿ ತುರುಕುತ್ತದೆ, ಗಾಳಿ ಹೆಚ್ಚಿದಷ್ಟೂ ಬಲ; ಹಾಗೆ ತುರುಕುವ ಗಾಳಿಗೇ ಬೂಸ್ಟು ಅನ್ನುತ್ತಾರೆ. ಒಲೆಗೆ ಊದುಗೊಳವೆ ಇದ್ದ ಹಾಗೆ ಎಂದು ನಾನು ತಿಳಿದುಕೊಂಡೆ.

"ಗುರೂ, ಚನ್ರಾಯಪಟ್ಣದಿಂದ ಬರೋ ರೋಡಲ್ಲಿ ನಮ್ ಬಾಮೈದ ಹಾರನ್ ಹೊಡ್ಕಂಡು ನನ್ನ ದಾಟ್ಕಂಡೋಯ್ತಾನೆ. ಪಕ್ಕದಲ್ಲಿ ಕೂತ ನನ್ನೆಂಡ್ರೇ ನಗ್ತಾಳೆ ಕಣಪ್ಪ. ಇದ್ಕೊಂದು ಮದ್ದು ಮಾಡು" ಎಂದ.

"ಇದು ಅಲ್ಯೂಮಿನಿಯಂ ಬ್ಲಾಕು ಕಣಣ್ಣ. ಎಷ್ಟು ಬೂಸ್ಟು ತಡೀತದೋ ನಾ ಕಾಣೆ" ಎಂದ ನನ್ನ ಮೊಮ್ಮಗ.

"ನಿಮ್ ತಾತ ಮುಟ್ಟೇ ಹೇಳೋರಂತೆ. ನಿನ್ ಕೈಗೇನು ಗೆದ್ಲು ಹಿಡ್ದದಾ?"

ಆ ಮಾತು ನಾಟಿತು. ಟರ್ಬೋ ಮಿತಿ ಮೀರದಂತೆ ಹಿಡಿದಿಡುವ ಒಂದು ಕಂಬಿ ಇರುತ್ತದೆ. ಅದನ್ನು ಒಂದಿಷ್ಟು ಬಿಗಿ ಮಾಡಿದ. ಇಬ್ಬರೂ ಅರಕಲಗೂಡು ರಸ್ತೆಗೆ ಹೋಗಿ ಓಡಿಸಿ ಬಂದರು. ಹೊಗೆಯಿಲ್ಲ. ಬ್ಲಾಕಿನ ಮೇಲೆ ಕೈ ಇಟ್ಟ, ತಡೆಯಿತು. ಇನ್ನೊಂದಿಷ್ಟು ಬಿಗಿ ಮಾಡಿದ. ಆಗಲೂ ಹೊಗೆಯಿಲ್ಲ, ಕೈ ತಡೆಯಿತು. ಮತ್ತೆ ಬಿಗಿ ಮಾಡಿದ. ನಾನು ಕಾಫಿ ಕೊಡಲು ಹೋದಾಗ ಅವನ ಮುಖ ತಾತನ ಮುಖದ ಹಾಗೇ ಹೊಳೆಯುತ್ತಿತ್ತು. ಲೋಟ ಅರ್ಧಕ್ಕೇ ಇಟ್ಟು ಮತ್ತೆ ಹೊರಟ.

ಆಮೇಲೆ ಬಂದದ್ದು ಫೋನು.

ಕಾರಿನ ವೇಗ ಏರಿಸುವಾಗ ಎಂಜಿನ್ನಿನೊಳಗಿನಿಂದ ಟಕಟಕ ಸದ್ದು ಬಂತಂತೆ. ಆಕ್ಸಿಲರೇಟರಿನಿಂದ ಕಾಲು ತೆಗೆಯುವಷ್ಟರಲ್ಲಿ ಬಾಂಬು ಸಿಡಿದ ಹಾಗೆ ಆಯಿತಂತೆ. ರಸ್ತೆ ಪಕ್ಕಕ್ಕೆ ನಿಲ್ಲಿಸಿ ಇವನು ಬಾನೆಟ್ ಎತ್ತಿದ್ದಾನೆ. ಬ್ಲಾಕು ಒಡೆದು ಸುರಿದ ಆಯಿಲ್ಲು ಕಾದು ಕೆಂಪಗಾಗಿದ್ದ ಟರ್ಬೋ ಮೇಲೆ ಬಿದ್ದಿತ್ತು. ಗಾಳಿ ಸಿಕ್ಕಿದ್ದೇ ತಡ, ಬೆಂಕಿ ಬಲಗೈಯನ್ನು ಮೊಣಕೈವರೆಗೂ ಬಾಚಿಕೊಂಡಿತು. ಆಸ್ಪತ್ರೆಯಲ್ಲಿ ಬಿಳಿ ಬಟ್ಟೆ ಸುತ್ತಿದ ಆ ಕೈಯನ್ನು ನೋಡಿ ನನ್ನ ಸೊಸೆ ಅವನ ಎಡಗೈ ಹಿಡಿದುಕೊಂಡು ಕೂತಳು. ಬಟ್ಟೆ ಬಿಚ್ಚಿ ತೊಳೆಯುವ ಹೊತ್ತಿಗೆ ನನ್ನನ್ನು ಹೊರಗೆ ಕಳಿಸುತ್ತಿದ್ದರು. ಬಾಗಿಲು ಮುಚ್ಚಿದರೆ ಕಿವಿ ಮುಚ್ಚುತ್ತದೆಯೇ?

ಮನೆಗೆ ಬಂದ ಮೇಲೆ ಅವನು ನಮ್ಮ ಹುಡುಗನಾಗಿ ಬರಲಿಲ್ಲ. ಕುಕ್ಕರು ಸೀಟಿ ಹೊಡೆದರೆ ಎದ್ದು ಹಿತ್ತಲಿಗೆ ಓಡುತ್ತಿದ್ದ. ನಾವು ಕುಕ್ಕರನ್ನೇ ಅಟ್ಟಕ್ಕೆ ಹಾಕಿದೆವು. ಶೆಡ್ಡಿಗೆ ಬೀಗ ಬಿತ್ತು. ಎಡಗೈಯಲ್ಲಿ ಚಮಚ ಹಿಡಿದು, ಗೋಡೆ ಕಡೆ ತಿರುಗಿ, ಮಗುವಿನಂತೆ ಚೆಲ್ಲಿಕೊಂಡು ಉಣ್ಣುತ್ತಿದ್ದ. ನಾವು ಪಕ್ಕದಲ್ಲಿ ಕೂತರೆ ತಟ್ಟೆ ತಳ್ಳುತ್ತಿದ್ದ. ದಿನಾ ಬೆರಳು ಮಡಚಿ ಬಿಡಿಸದಿದ್ದರೆ ಹಾಗೇ ಅಂಟಿಕೊಂಡುಬಿಡುತ್ತವೆ, ಆಮೇಲೆ ಆ ಕೈಗೆ ನಟ್ಟು ಬಿಗಿಯುವ ಪಾನಾ ಹಿಡಿಯುವ ಯೋಗವಿಲ್ಲ ಎಂದು ಡಾಕ್ಟರು ಹೇಳಿದ್ದರು. ಅವನ ಹೆಂಡತಿ ಎಣ್ಣೆ ಬಟ್ಟಲು ಹಿಡಿದು ಕೂರುತ್ತಿದ್ದಳು.

"ಬೆರಳು ಕೊಡಿ."

"ಯಾತಕ್ಕೆ? ಇನ್ನೊಬ್ಬರ ಗಾಡಿ ಸುಡಾಕಾ?"

ಕೈಯಿದ್ದರಷ್ಟೇ ಅವನ ಬದುಕು. ಅದನ್ನೇ ಅವನು ಬೇಡವೆನ್ನುತ್ತಿದ್ದ. ನನ್ನ ಹತ್ತಿರ ಮಾತ್ರ ಒಂದೇ ಮಾತು, ಕೇಳಲಿ ಬಿಡಲಿ: "ಅಜ್ಜಿ, ಹೊಗೆ ಬರ್ಲೇ ಇಲ್ಲ. ಕಾಯ್ತಾನೇ ಇದ್ದೆ, ಬರ್ಲೇ ಇಲ್ಲ."

ಮಳೆಗಾಲ ಕಳೆದ ಮೇಲೆ ಬಾಗೂರಿನವನು ಸುಟ್ಟ ಕಾರನ್ನು ಎಳೆಸಿಕೊಂಡು ಬಂದ. ಹಿಂದೆ ಒಂದು ಗಾಡಿಯಲ್ಲಿ ಹೊಸ ಎಂಜಿನ್ನು. ಮೊಮ್ಮಗ ಒಳಗಿನಿಂದ ಬಾಗಿಲು ಹಾಕಿಕೊಂಡ. ಬಾಗೂರಿನವನು ಜಗಲಿಯ ಮೇಲೆ ಕೂತುಬಿಟ್ಟ.

"ಆಸೆ ಹತ್ತಿಸ್ದೋನು ನಾನು ಕಣ್ಲಾ. ಬೇರೆ ಯಾರ ಕೈಲೂ ಕೂರಿಸಾಕಿಲ್ಲ. ನೀನು ಕೂರ್ಸು, ಇಲ್ದಿದ್ರೆ ಇಲ್ಲೇ ತುಕ್ಕಿಡೀಲಿ" ಎಂದ.

ತುಕ್ಕು ಹಿಡಿಯಲೆಂದೇ ಕಾರು ಬಿಟ್ಟು ಹೋದ. ಮೊಮ್ಮಗ ಎಷ್ಟೋ ದಿನ ಕಿಟಕಿಯಿಂದಲೇ ನೋಡಿದ. ಒಂದು ಬೆಳಿಗ್ಗೆ ನಾನು ಕಸ ಗುಡಿಸುವಾಗ ಶೆಡ್ಡಿನ ಬೀಗ ತೆಗೆದಿತ್ತು. ಅವನು ಹಳೆಯ ಎಂಜಿನ್ನಿನ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದ. ಬ್ಲಾಕಿನ ಪಕ್ಕದಲ್ಲಿ ಮುಷ್ಟಿ ತೂರುವಷ್ಟು ತೂತು.

"ನೋಡಜ್ಜಿ, ಒಳಗಿನ ರಾಡು ಮುರ್ಕಂಡು ಇಲ್ಲಿಂದ ಆಚೆಗೆ ಬಂದದೆ. ಗಾಳಿ ಜಾಸ್ತಿ ಆಗಿ ಒಳಗೆ ಕಾದೋಗದೆ. ಪೆಟ್ರೋಲು ಹೊತ್ತಿಗೆ ಮುಂಚೇನೇ ಹತ್ಕಂಡು ಸುತ್ತಿಗೇಲಿ ಬಡ್ದಂಗೆ ಬಡ್ದದೆ. ಟಕಟಕ ಅಂದಿದ್ದು ಅದೇಯ. ಡೀಸೆಲ್ ಎಂಜಿನ್ ಹೊಗೆ ಬಿಟ್ಟು ಹೇಳ್ತದೆ. ಇದು ಹೇಳಾಕಿಲ್ಲ."

"ಕೈ ತಡೀತು ಅಂದ್ಯಲ್ಲೋ?"

"ಅಲ್ಯೂಮಿನಿಯಂ ಕಾವನ್ನ ಎಲ್ಲಾ ಕಡೆಗೂ ಹಂಚ್ಬುಡ್ತದೆ. ಮೇಲೆ ಮುಟ್ಟಿದ್ರೆ ಒಳಗೆ ಎಲ್ಲಿ ಬೇಯ್ತಾ ಅದೆ ಅಂತ ತಿಳಿಯಾಕಿಲ್ಲ."

ನನಗೆ ನಮ್ಮ ಹಳೆಯ ಒಲೆ ನೆನಪಾಯಿತು. ಕಬ್ಬಿಣದ ಹೆಂಚು ಕಾದರೆ ಕೆಂಪಗಾಗಿ ಹೆದರಿಸುತ್ತದೆ. ಒಂದು ಸಲ ನೀರು ಬತ್ತಿದ ಅಲ್ಯೂಮಿನಿಯಂ ಪಾತ್ರೆಯನ್ನು ಒಲೆಯ ಮೇಲೆ ಮರೆತಿದ್ದೆವು. ಅದು ಕೆಂಪಗಾಗಲಿಲ್ಲ, ಬಣ್ಣ ಬದಲಿಸಲಿಲ್ಲ. ನೋಡ್ತಾ ನೋಡ್ತಾ ತಳ ಕುಸಿದು ಕೆಂಡದೊಳಕ್ಕೆ ಇಳಿದುಹೋಯಿತು. ಅದನ್ನು ಹೇಳಿದೆ. ಅವನು ಬ್ಲಾಕಿನ ತೂತಿನ ಅಂಚಿನ ಮೇಲೆ ಎಡಗೈ ಬೆರಳು ಆಡಿಸಿದ. ಆಮೇಲೆ ಬಲಗೈ ಚಾಚಿ, "ಅವಳ್ನ ಕರಿ ಅಜ್ಜಿ, ಎಣ್ಣೆ ತರ್ಲಿ" ಎಂದ.

ಬೆರಳು ಬಗ್ಗಿಸುವಾಗ ಚರ್ಮ ಸೀಳಿ ರಕ್ತ ಜಿನುಗುತ್ತಿತ್ತು. ಅವನ ಹೆಂಡತಿ ಅಳುತ್ತಲೇ ಬಗ್ಗಿಸುತ್ತಿದ್ದಳು. ಹೊಸ ಎಂಜಿನ್ನನ್ನು ಎತ್ತಿ ಕೂರಿಸಲು ಚೈನು ಎಳೆದವಳೂ ಅವಳೇ, ಎಡಗೈಗೆ ಪಾನಾ ಕೊಟ್ಟವಳೂ ಅವಳೇ. ನಟ್ಟು ಬಿಗಿ ಮಾಡುವಾಗ ಬಲಗೈಯನ್ನು ಒಂದೊಂದೇ ಬೆರಳು ಕರೆದು ಕೆಲಸಕ್ಕೆ ಹಚ್ಚಿದರು.

ಹೀಗೆ ಬಂದದ್ದು ಇವತ್ತಿನ ದಿನ. ಕಾರು ಸ್ಟಾರ್ಟಾಯಿತು, ನಾನು ಹೂವಿನವಳಿಗೆ ಸುದ್ದಿ ಹೇಳಿ ಬಂದಾಗಲೂ ಎಂಜಿನ್ ಓಡುತ್ತಾ ಬಿಸಿಯೇರುತ್ತಲೇ ಇತ್ತು. ಅಷ್ಟರಲ್ಲಿ ಕಾರು ಒಯ್ಯಲು ಬಂದಿದ್ದ ಬಾಗೂರಿನವನು ಕಣ್ಣೊರೆಸಿಕೊಂಡು, ಸುಮ್ಮನಿರದ ಬಾಯಿ ಅವನದು, "ಗುರೂ, ಈಗಿದು ಎಷ್ಟು ತಡೀತದೆ?" ಎಂದುಬಿಟ್ಟ.

ಮೊಮ್ಮಗನ ಹೆಂಡತಿಯ ಮುಖ ಬಿಳಿಚಿಕೊಂಡಿತು. ಮೊಮ್ಮಗ ಅಭ್ಯಾಸಬಲದಲ್ಲಿ ಬಲಗೈಯ ಅಂಗೈಯನ್ನು ಬ್ಲಾಕಿನ ಮೇಲಿಟ್ಟ. ಇಟ್ಟವನು ತೆಗೆಯಲೇ ಇಲ್ಲ. ಮನೆದೇವರ ಹೆಸರು ಎಷ್ಟು ಸಲ ಹೇಳಬಹುದಿತ್ತೋ! ಅವಳು ಅವನ ಕೈ ಕಿತ್ತು ಹಿಂದಕ್ಕೆ ಎಳೆದಳು. ಅಂಗೈ ಕೆಂಪಗಾಗಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ. ಆ ಕೈಗೆ ಬಿಸಿ ಇನ್ನು ತಿಳಿಯುವುದಿಲ್ಲ.

ಅಂಗೈಯನ್ನೇ ನೋಡಿಕೊಂಡು ನಿಧಾನವಾಗಿ ಹೇಳಿದ: "ಇಷ್ಟು ಅಂತ ಒಂದು ಲೆಕ್ಕ ಇಲ್ಲ ಕಣಣ್ಣ. ಒಳಗಿನ ಗೋಡೆ ಎಂಗೆ ಕಟ್ಟವ್ರೆ, ಪಿಸ್ಟನ್ನು ಎಂಥದು, ಪೆಟ್ರೋಲು ಎಂಥದು, ಎಷ್ಟು ಕಾಯ್ತದೆ, ಎಲ್ಲಾ ನೋಡ್ಬೇಕು. ಒಳಗಿಂದೆಲ್ಲಾ ಗಟ್ಟಿ ಮಾಡಿ, ಮೀಟ್ರು ಹಾಕಿ ಅಳ್ದು ಏರ್ಸೋರು ಅವ್ರೆ, ಅವ್ರಿಗೆ ಅಲ್ಯೂಮಿನಿಯಮ್ಮೂ ತಡೀತದೆ. ಇದು ಕಂಪ್ನಿಯೋರು ಕೊಟ್ಟಂಗೇ ಅದೆ. ಅವ್ರು ಕೊಟ್ಟಷ್ಟೇ ಬೂಸ್ಟು. ಕಂಬಿ ನಾನು ಮುಟ್ಟಾಕಿಲ್ಲ."

"ನಮ್ ಬಾಮೈದ?"

"ದಾಟ್ಕಂಡೋಗ್ಲಿ ಬುಡು. ನೀನು ಎಂಡ್ರ ಜೊತೇಲಿ ನಗು."

ಬಾಗೂರಿನವನು ತಲೆ ಕೆರೆದುಕೊಂಡು ಕಾರು ಹತ್ತಿದ. ನಿಧಾನಕ್ಕೇ ಹೋದ.

ಸುದ್ದಿ ಕೇಳಿ ಮಗ ಸೊಸೆ ದುದ್ದದಿಂದ ಸಂಜೆ ಬಸ್ಸಿಗೇ ಬಂದರು. ಅಟ್ಟದಿಂದ ಕುಕ್ಕರು ಇಳಿಸಿ ಅವರೆಕಾಳು ಬೇಯಿಸಿದೆವು. ಸೀಟಿಗೆ ಮೊಮ್ಮಗ ಬೆಚ್ಚಿದ, ಆದರೆ ಹಿತ್ತಲಿಗೆ ಹೋಗಲಿಲ್ಲ. ಎಲ್ಲರೂ ಒಂದೇ ಸಾಲಿನಲ್ಲಿ ನೆಲದ ಮೇಲೆ ಕೂತೆವು. ಅವನು ಗೋಡೆ ಕಡೆ ತಿರುಗದೆ ನಮ್ಮ ನಡುವೆ ಕೂತ, ಚಮಚ ಬೇಡವೆಂದ. ತಟ್ಟೆಗೆ ಬಿಸಿ ಮುದ್ದೆ ಬಿತ್ತು. ನಾವೆಲ್ಲ ಬೆರಳು ಊದಿಕೊಳ್ಳುತ್ತಿದ್ದರೆ ಅವನು ಸೀದಾ ಮುದ್ದೆಯೊಳಕ್ಕೆ ಕೈ ಹಾಕಲು ಹೋದ.

"ತಡಿಯೋ ಮಗಾ, ಹಬೆ ನೋಡು" ಎಂದೆ.

ಕೈ ಹಿಂದಕ್ಕೆ ತೆಗೆದುಕೊಂಡ. ನಾವೂ ತಡೆದೆವು. ತಟ್ಟೆಗಳ ಮೇಲಿನ ಹಬೆ ತೆಳ್ಳಗಾಗುವವರೆಗೆ ಎಲ್ಲರೂ ಅವನ ಜೊತೆ ಕಾದೆವು. ಆಮೇಲೆ ಅವನು ಬಲಗೈಯಲ್ಲಿ ತುತ್ತು ಮುರಿದು ಸಾರಿಗೆ ಅದ್ದಿದ. ನಾವೂ ಉಂಡೆವು.