ಸೋಮವಾರವನ್ನು ಶುಕ್ರವಾರ ಮಾಡಿದವನು

ಸೋಮವಾರ ಹಿಡಿದು ತಂದವನನ್ನು ಶುಕ್ರವಾರ ಹಿಡಿದದ್ದೆಂದು ಬರೆದವನು ನಾನು. ಹೇಳಿದವರು ಬೇರೆ ಇರಬಹುದು — ಬರೆದ ಕೈ ನನ್ನದು.

ಆಗ ನಾನು ಹಾಸನ ಜಿಲ್ಲೆಯ ಒಂದು ಪೊಲೀಸ್ ಠಾಣೆಯಲ್ಲಿ ರೈಟರ್. ಠಾಣೆಯ ದಿನಚರಿ ಬರೆಯುವುದು ನನ್ನ ಕೆಲಸ. ಶಿವಣ್ಣ ಚನ್ನರಾಯಪಟ್ಟಣದ ಮಂಡಿಯಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದವನು. ಯಾರದೋ ತೋಟದ ಪಂಪ್‌ಸೆಟ್ ಮೋಟರ್ ಕಳುವಾಗಿತ್ತು. ಬರೀ ಅನುಮಾನದ ಮೇಲೆ ಅವನನ್ನು ಮಂಡಿಯಿಂದಲೇ ಎತ್ತಿಕೊಂಡು ಬಂದರು. ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬುದು ನನಗೆ ಬಾಯಿಪಾಠ. ಮಂಗಳವಾರ ಇನ್‌ಸ್ಪೆಕ್ಟರಿಗೆ ಮೆಲ್ಲಗೆ ನೆನಪಿಸಿದೆ ಕೂಡ.

“ಒಪ್ಕೊಳ್ಳೋವರ್ಗೂ ಇಲ್ಲೇ ಇರ್ಲಿ ಕಣ್ರೀ. ಈಗ್ಲೇ ಏನೂ ಬರೀಬೇಡಿ” ಎಂದರು. ನಾನು ಬರೆಯಲಿಲ್ಲ.

ಬುಧವಾರ ಅವನ ಹೆಂಡತಿ ಜಯಮ್ಮ ಬಂದಳು. ಹಿಂದಿನ ದಿನವೂ ಬಂದಿದ್ದಳು. ‘ಇಲ್ಲಿಗೆ ತಂದಿಲ್ಲ’ ಎಂದು ಕಳಿಸಿದ್ದೆ. ಈ ಸಲ ಮೆಟ್ಟಿಲು ಹತ್ತದೆ ಅಂಗಳದಲ್ಲೇ ನಿಂತು ಕೂಗಿದಳು.

“ಸಾ, ನಮ್ಮತ್ತೆ ತೀರ್ಕೊಂಡ್ಬುಟ್ರು. ಮಣ್ಣು ಮಾಡಕ್ಕೆ ಮಗ ಇಲ್ದೆ ಅಂಗೇ ಮಲಗ್ಸಿದೀವಿ. ಒಂದ್ ಗಳ್ಗೆ ಕಳ್ಸಿ ಸಾ, ನಾನೇ ವಾಪಸ್ ಕರ್ಕೊಂಡ್ ಬತ್ತೀನಿ.”

“ಇಲ್ಲಿಲ್ಲ ಕಣಮ್ಮ. ಬೇರೆ ಕಡೆ ವಿಚಾರಿಸು” ಎಂದೆ.

ನನಗೂ ಅವನಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವಳ ದನಿ ಅವನಿಗೆ ಕೇಳಿಸಿತೋ ಇಲ್ಲವೋ — ಒಳಗೆ ಹೋಗಿ ನೋಡುವಷ್ಟು ಧೈರ್ಯ ನನಗೆ... ತಾಯಿ ಹೋದ ಸುದ್ದಿಯನ್ನೂ ಹೇಳಲಿಲ್ಲ.

ಶುಕ್ರವಾರ ಬರೆದೆ: ‘ಈ ದಿನ ಬಸ್ ನಿಲ್ದಾಣದ ಬಳಿ ದಸ್ತಗಿರಿ.’ ಮರುದಿನ ಕೋರ್ಟಿಗೆ ಒಪ್ಪಿಸಿದರು.

ಕಳ್ಳತನದ ಕೇಸು ನಿಲ್ಲಲಿಲ್ಲ. ಹೊರಬಂದ ಶಿವಣ್ಣ, ಅಕ್ರಮವಾಗಿ ಕೂಡಿಹಾಕಿದ್ದಕ್ಕೆ ಪರಿಹಾರ ಕೇಳಿ ನ್ಯಾಯಾಲಯಕ್ಕೆ ಹೋದ. ನನ್ನನ್ನು ಸಾಕ್ಷಿಕಟ್ಟೆಗೆ ಕರೆದರು. ಪ್ರಮಾಣ ಮಾಡಿ ಹೇಳಿದೆ — “ದಿನಚರಿಯಲ್ಲಿ ಇರುವುದೇ ಸರಿ.” ಎದುರಿಗೇ ನಿಂತಿದ್ದ ಅವನು ನನ್ನ ಬಾಯನ್ನೇ ನೋಡುತ್ತಿದ್ದ. ಅರ್ಜಿ ವಜಾ ಆಯಿತು.

ಅವನು ಕಳೆದುಕೊಂಡದ್ದು ಪರಿಹಾರ ಮಾತ್ರ ಎಂದುಕೊಂಡಿದ್ದೆ. ಶುಕ್ರವಾರದವರೆಗೆ ಅವನು ಹೊರಗಿದ್ದ ಎಂದಾದರೆ, ಬುಧವಾರವೂ ಹೊರಗೇ ಇದ್ದ. ಅಂದರೆ ಹೆತ್ತ ತಾಯಿಯ ಮಣ್ಣಿಗೂ ಬಾರದೆ ತಲೆಮರೆಸಿಕೊಂಡ ಮಗ. ಊರು ನನ್ನ ಬರಹವನ್ನು ಹಾಗೆ ಓದಿತು; ಜಯಮ್ಮ ಹೇಳಿದ್ದನ್ನು ಗಂಡನ ಪರದ ಮಾತೆಂದು ತಳ್ಳಿಹಾಕಿತು. ಅರಕಲಗೂಡಿನಲ್ಲಿದ್ದ ಅವನ ಅಕ್ಕ ಅವನ ಮುಖ ನೋಡುವುದನ್ನೇ ಬಿಟ್ಟಳಂತೆ. ಇದೆಲ್ಲ ನನ್ನ ಕಿವಿಗೆ ಬಿದ್ದದ್ದು ನಿವೃತ್ತಿಯ ಹೊತ್ತಿಗೆ.

ಹೋದ ತಿಂಗಳು ಹೊಳೆನರಸೀಪುರದ ಹತ್ತಿರ ಅವನ ಮನೆ ಹುಡುಕಿಕೊಂಡು ಹೋದೆ. ಜಯಮ್ಮ ನನ್ನನ್ನು ಗುರುತಿಸಿ ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ. ನಿಜವನ್ನು ಬರೆದುಕೊಡುತ್ತೇನೆ, ಪರಿಹಾರಕ್ಕೆ ಮತ್ತೆ ಅರ್ಜಿ ಹಾಕಬಹುದು ಎಂದೆ. ಶಿವಣ್ಣ ಕೂತು ಕೇಳಿದ. ಬೈಯಲಿಲ್ಲ.

“ಪರಿಹಾರ ಆಮ್ಯಾಕೆ ನೋಡುವ ಸಾ. ಮೊದ್ಲು ನಮ್ಮಕ್ಕನ್ ಮುಂದೆ ಈ ಮಾತ ಏಳ್ಬುಡಿ.”

ಇಬ್ಬರೂ ಬಸ್ಸಿನಲ್ಲಿ ಅರಕಲಗೂಡಿಗೆ ಹೋದೆವು. ಅಕ್ಕ ಬಾಗಿಲಲ್ಲೇ ನಿಂತು ಕೇಳಿದಳು. ಸೋಮವಾರದಿಂದ ಶುಕ್ರವಾರದವರೆಗೆ ಎಲ್ಲವನ್ನೂ ಹೇಳಿದೆ, ಏನನ್ನೂ ಬಿಡದೆ. ಮುಗಿದ ಮೇಲೆ ತಮ್ಮನ ಕಡೆ ತಿರುಗಿದಳು.

“ಇಷ್ಟ್ ವರ್ಸ ಆದ್ಮೇಲೆ ಯಾರ್ನ ಇಡ್ಕೊಂಡ್ ಬಂದಿದ್ದೀಯಲಾ?”

ಆಮೇಲೆ ನನಗೆ: “ಕೋರ್ಟಲ್ಲಿ ಪ್ರಮಾಣ ಮಾಡಿ ಏಳಿದ್ದು ಸುಳ್ಳು, ನಮ್ಮನೆ ಬಾಗ್ಲಲ್ಲಿ ಏಳದು ನಿಜ ಅಂತ ಎಂಗ್ ನಂಬ್ಲಿ ಸಾ?”

ಹಾಗೆಂದು ಒಳಗೆ ಹೋಗಿ ಕುಡಿಯಲು ನೀರು ತಂದುಕೊಟ್ಟಳು. ನನಗೆ ಮಾತ್ರ.

ಹಿಂದಿರುಗುವಾಗ ಶಿವಣ್ಣ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ತನ್ನ ಊರು ಬಂದಾಗ “ಬತ್ತೀನಿ ಸಾ” ಎಂದಷ್ಟೇ ಹೇಳಿ ಇಳಿದುಹೋದ.

ಅವನನ್ನು ಹಿಡಿದದ್ದು ಸೋಮವಾರವೇ ಎಂದು ಹಾಸನದ ವಕೀಲರೊಬ್ಬರ ಬಳಿ ಪ್ರಮಾಣಪತ್ರ ಮಾಡಿಸಿದ್ದೇನೆ. ಮುಗಿದ ಪ್ರಕರಣ ಮತ್ತೆ ತೆರೆಯುವ ಭರವಸೆ ಅವರಿಗಿಲ್ಲ. ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ನನ್ನ ಮೇಲೆ ಕೇಸಾಗಬಹುದು ಎಂದು ಎಚ್ಚರಿಸಿದರು. ಆಗಲಿ ಎಂದು ಸಹಿ ಹಾಕಿದೆ. ಒಂದು ಪ್ರತಿಯನ್ನು ಅವನ ಅಕ್ಕನಿಗೂ ಕಳಿಸಿದ್ದೇನೆ. ಯಾರಿಂದಲಾದರೂ ಓದಿಸಿ ಕೇಳಿದಳೋ, ಒಲೆಗೆ ಹಾಕಿದಳೋ — ತಿಳಿಯದು. ಕೇಳುವ ಹಕ್ಕೂ ನನಗಿಲ್ಲ.