ಖಾಲಿ ಜಾಗದ ಹತ್ತೊಂಬತ್ತು ಮನೆಗಳು

ಈ ಮಹಾನಗರದ ಬಡಾವಣೆಗಳ ಮೂಲವನ್ನು ಶೋಧಿಸಿದವರಲ್ಲಿ, ಭೂಮಾಪನ ಕಚೇರಿಯಿಂದ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ನಕ್ಷೆ ಮೇಷ್ಟ್ರು ಅಗ್ರಗಣ್ಯರು. ಹೊಗಳಿ ಹೊನ್ನಶೂಲಕ್ಕೇರಿಸುತ್ತೀಯಾ ಎಂದು ಅವರು ಗದರುವುದು ಖಂಡಿತ. ಆದ್ದರಿಂದ ಆ ಶೋಧದ ಬುಡದಲ್ಲಿದ್ದ ತಪ್ಪನ್ನೂ, ಅವರ ಅಪ್ಪಣೆ ಪಡೆದೇ, ಬರೆಯುತ್ತಿದ್ದೇನೆ.

ಸೇವೆಗೆ ಸೇರಿದ ವರ್ಷವೇ ಕುಂಬಾರರ ಕೇರಿಯ ಹಳೆಯ ನಕ್ಷೆಯನ್ನು ಪ್ರತಿ ಮಾಡುವ ಕೆಲಸ ಅವರ ಪಾಲಿಗೆ ಬಂತು. ಒಂದು ಮೂಲೆಯಲ್ಲಿ ನೀರು ಬಿದ್ದು ಶಾಯಿ ಅಳಿಸಿಹೋಗಿತ್ತು. ಅವಸರದಲ್ಲಿದ್ದ ತರುಣ ಮೇಷ್ಟ್ರು ಅಲ್ಲಿ 'ಖಾಲಿ ಜಾಗ' ಎಂದು ಬರೆದರು. ಮೂಲ ನಕ್ಷೆಯನ್ನು ಗೆದ್ದಲು ತಿಂದಿತು, ಇವರ ಪ್ರತಿ ಉಳಿಯಿತು. ಅದನ್ನೇ ನಂಬಿದ ಚರಿತ್ರೆಗಳೆಲ್ಲ ಆ ಭಾಗ ಬರೀ ಬಯಲಾಗಿತ್ತೆಂದು ಸಾರಿದವು; ತಲೆಮಾರುಗಳಿಂದ ಅಲ್ಲಿದ್ದವರು ನಿನ್ನೆ ಮೊನ್ನೆ ಬಂದವರಾದರು.

ಹತ್ತು ವರ್ಷಗಳ ಮೇಲೆ ಕೇರಿಯ ಅಜ್ಜಿಯೊಬ್ಬರು ಕಚೇರಿಗೆ ಬಂದು, ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ನಾನು ಹುಟ್ಟಿದ ಮನೆ ಎಲ್ಲಿ ಹೋಯ್ತು ಮಗಾ?" ಎಂದು ಕೇಳಿದರಂತೆ.

ಅಂದಿನಿಂದ ಇಪ್ಪತ್ತೈದು ವರ್ಷ ಮೇಷ್ಟ್ರ ಪ್ರತಿ ಭಾನುವಾರವೂ ಆ ಕೇರಿಯದಾಯಿತು. ಮುಚ್ಚಿದ ಬಾವಿ, ಮಡಕೆ ಬೇಯಿಸುತ್ತಿದ್ದ ಆವಿಗೆಯ ಸುಟ್ಟ ಮಣ್ಣು, ಶಾಲೆಯ ದಾಖಲಾತಿ ಪುಸ್ತಕ, ಹೀಗೆ ಒಂದೊಂದನ್ನೇ ಹಿಡಿದು ಹತ್ತೊಂಬತ್ತು ಮನೆಗಳ ಗುರುತು ಪತ್ತೆಹಚ್ಚಿದರು. ಮಾಡಿದ್ದುಣ್ಣೋ ಮಹಾರಾಯ ಎಂದು ಸಹೋದ್ಯೋಗಿಗಳು ನಗುತ್ತಿದ್ದರು. ಒಂದು ಭಾನುವಾರವಾದರೂ ಜೊತೆಗೆ ಎಲ್ಲಾದರೂ ಹೋಗೋಣವೆಂದು ಕೇಳುತ್ತಿದ್ದ ಮೇಷ್ಟ್ರ ಮನೆಯಾಕೆ ಏಳು ವರ್ಷಗಳ ಹಿಂದೆ ತೀರಿಕೊಂಡರು. ಆ ಮಾತನ್ನು ಮೇಷ್ಟ್ರು ನನಗೆ ಒಮ್ಮೆ ಮಾತ್ರ ಹೇಳಿದ್ದಾರೆ, ಪೆನ್ಸಿಲ್ ಹೆರೆಯುತ್ತಾ.

ನಾನು ಹೊಸದಾಗಿ ಸೇರಿದಾಗ ಅಮೂಲ್ಯ ಹಾಳೆಯೊಂದರ ಮೇಲೆ ಮಸಿ ಚೆಲ್ಲಿ ಅಳುತ್ತಾ ಕೂತಿದ್ದೆ. ಮೇಷ್ಟ್ರು ತಪ್ಪನ್ನು ತಮ್ಮ ಹೆಸರಿನಲ್ಲಿ ಬರೆದುಕೊಂಡು, "ಮಸಿ ಚೆಲ್ಲಿದ್ರೆ ಎಲ್ಲರಿಗೂ ಗೊತ್ತಾಗುತ್ತೆ. ಕಾಣದೇ ಇದ್ದಿದ್ದನ್ನ ಕಾಣ್ಲಿಲ್ಲ ಅಂತ ಬರಿ, ಇಲ್ಲ ಅಂತ ಬರೀಬೇಡ" ಎಂದರು. ನನ್ನ ವೃತ್ತಿಜೀವನದ ಪಾಠ ಅಷ್ಟೇ.

ಹೋದ ತಿಂಗಳು ತಿದ್ದಿದ ನಕ್ಷೆಗೆ ಮೊಹರು ಬಿತ್ತು. ಕೇರಿಗೆ ನಾನೂ ಜೊತೆಗೆ ಹೋಗಿದ್ದೆ. ಅಜ್ಜಿಗೆ ಈಗ ಕಣ್ಣು ಕಾಣದು. ಮೇಷ್ಟ್ರು ಅವರ ಬೆರಳು ಹಿಡಿದು ಹಾಳೆಯ ಮೇಲಿಟ್ಟು, ಇದೇ ನಿಮ್ಮ ಮನೆ ಎಂದರು.

"ಬಾಗಿಲು ಯಾವ ಕಡೆ ಇಟ್ಟಿದೀಯ?"

"ಬಾವಿ ಕಡೆ ಅಮ್ಮ."

ಅಜ್ಜಿ ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಆಮೇಲೆ, "ಸರಿಯಾಗಿದೆ. ಹೊತ್ತಾಯ್ತು, ಹೊರಡು ಮಗಾ. ಮನೇಲಿ ಕಾಯ್ತಿರ್ತಾರೆ" ಎಂದರು.

ಹೂಂ ಎಂದು ಮೇಷ್ಟ್ರು ನಕ್ಷೆ ಸುತ್ತಿಕೊಂಡು ಎದ್ದರು. ಅವರ ಮನೆಯವರೆಗೂ ನಾನು ಜೊತೆಗೆ ಹೋದೆ. ಮೇಷ್ಟ್ರು ಬೀಗ ತೆಗೆದು ಒಳಗೆ ಹೋದರು.

ಇನ್ನೂ ಎಷ್ಟೋ ಕೇರಿಗಳ ನಕ್ಷೆಗಳು ಅವರ ಕಣ್ಣಿಗಾಗಿ ಕಾದಿವೆ. ಅವನ್ನೆಲ್ಲ ತಿದ್ದುವಷ್ಟು ಆಯುರಾರೋಗ್ಯ ಅವರಿಗಿರಲಿ. ಆದರೆ ಮೇಷ್ಟ್ರೇ, ಬರುವ ಭಾನುವಾರ ನಾನು ನಿಮ್ಮ ಮನೆಗೆ ಬರುತ್ತೇನೆ. ಬೀಗ ಹಾಕಿಕೊಂಡು ಹೊರಟುಬಿಡಬೇಡಿ.