ಗೌರವ್ವ ತೊಡಿಸಿದ ಚಕ್ರದ ಬೂಟು

ಗೋಕಾಕದಲ್ಲಿ ಸ್ಕೇಟಿಂಗ್ ಕ್ಲಬ್ಬೇ ಎಂದು ನಗುವವರು ನಕ್ಕುಕೊಳ್ಳಲಿ, ನಗುವುದಕ್ಕೇನು ಟಿಕೀಟೇ? ಮಂಜುಗಡ್ಡೆ ನಮಗೆ ಕಬ್ಬಿನ ಹಾಲಿನ ಗ್ಲಾಸಿನಲ್ಲಷ್ಟೇ ಸಿಗುತ್ತದೆ. ಹಾಗಾಗಿ ನಮ್ಮ ಮಕ್ಕಳು ಚಕ್ರದ ಬೂಟು ಕಟ್ಟಿಕೊಂಡು, ನುಣುಪು ಕಲ್ಲಿನ ನೆಲದ ಮೇಲೆ ಎಂಟರ ಆಕಾರದ ಗೆರೆ ಹಿಡಿದು ತಿರುಗುತ್ತಾರೆ. ಐವತ್ತೆರಡು ವರ್ಷಗಳಿಂದ ತಿರುಗುತ್ತಿದ್ದಾರೆ. ಕಲಿಸುವವನು ನಾನು. ಆದರೆ ಕ್ಲಬ್ಬನ್ನು ನಡೆಸಿದವಳು ಮಸಗುಪ್ಪಿಯ ಗೌರವ್ವ.

ಬೆಳಗಿನ ಬಸ್ಸಿಗೆ ಬಂದು ನೆಲ ಒರೆಸುವುದು, ಚಕ್ರಗಳಿಗೆ ಎಣ್ಣೆ ಬಿಡುವುದು ಅವಳ ಕೆಲಸ. ಮೂವತ್ತು ವರ್ಷ ಮಾಡಿದಳು. ನಮ್ಮಲ್ಲೊಂದು ಪದ್ಧತಿಯಿದೆ: ಬೂಟು ಯಾರ ಸ್ವಂತದ್ದೂ ಅಲ್ಲ. ಕ್ಲಬ್ ಬಿಡುವ ಮಗು ವಾರ್ಷಿಕೋತ್ಸವದ ದಿನ ಅದನ್ನು ಮರಳಿಸಬೇಕು, ಅಂದೇ ಗೌರವ್ವ ಅದನ್ನು ಹೊಸ ಮಗುವಿಗೆ ತೊಡಿಸಬೇಕು. ಆಮೇಲೆಯೇ ನನ್ನ ಸೀಟಿ, ಮೊದಲ ಸುತ್ತು. ನೆನಪಿಗೆ ಇಟ್ಟುಕೊಳ್ಳುತ್ತೇವೆಂದು ಗೋಗರೆಯುವ ತಾಯಂದಿರನ್ನು ಅವಳು ಬಿಡುತ್ತಿರಲಿಲ್ಲ.

"ತಿರಗೋ ಬೂಟರೀ ಇವು. ದೇವರ ಜಗಲಿ ಮ್ಯಾಲ ಕುಂದ್ರಿಸಿ ಪೂಜಿ ಮಾಡ್ತೀರೇನು? ಕೊಡ್ರಿ ಇತ್ತ!"

ತನ್ನ ಮೊಮ್ಮಗಳು ಶಿವಾನಿಯನ್ನು ಅವಳು ಕ್ಲಬ್ಬಿಗೆ ಸೇರಿಸಿದಾಗ ಸಣ್ಣ ಅಳತೆಯ ಬೂಟಿರಲಿಲ್ಲ. ಗೌರವ್ವ ತನ್ನ ಹಳೆಯ ಸೀರೆ ಹರಿದು ಬೂಟಿನ ತುದಿಗೆ ತುರುಕಿದಳು. "ದೊಡ್ಡವ ಅದಾವ ಆಯಿ" ಎಂದು ಹುಡುಗಿ ಮೂತಿ ಉಬ್ಬಿಸಿದರೆ, "ಬರೂ ವರ್ಷಕ್ಕ ಸರಿ ಆಗ್ತಾವ, ಸುಮ್ನ ತಿರಗ" ಎನ್ನುವಳು. ಶ್ರಾವಣದಲ್ಲಿ ಜ್ವರ ಬಂತು, ಮೂರನೇ ದಿನಕ್ಕೆ ಮಗು ಹೋಯಿತು. ಎಂಟು ವರ್ಷದ್ದು. ದೇವರಿಗೆ ಕಣ್ಣಿದೆಯೆಂದು ನನ್ನ ಮುಂದೆ ಯಾರೂ ಹೇಳಬೇಡಿ.

ಗೌರವ್ವ ಕೆಲಸಕ್ಕೆ ಬರುವುದನ್ನೇ ಬಿಟ್ಟಳು. ಬೂಟೂ ಮಸಗುಪ್ಪಿಯಲ್ಲೇ ಉಳಿಯಿತು. ವಾರ್ಷಿಕೋತ್ಸವ ಹತ್ತಿರ ಬಂದಾಗ ಅವಳ ಮನೆಗೆ ಹೋದೆ. ಬೂಟು ದೇವರ ಜಗಲಿಯ ಮೇಲಿತ್ತು, ಅದಕ್ಕೆ ವಿಭೂತಿ ಹಚ್ಚಿದ್ದಳು.

"ಕೇಳಾಕ ಬಂದೀರೇನ್ರಿ ಮಾಸ್ತರ?"

"ಇಲ್ಲವ್ವ, ಚಾ ಕುಡಿಯಾಕ ಬಂದೇನಿ" ಎಂದು ಸುಳ್ಳು ಹೇಳಿದೆ. ಕುಡಿದು ಎದ್ದು ಬಂದೆ. ಪದ್ಧತಿ ಹಾಳಾಗಿ ಹೋಗಲಿ ಎನ್ನಿಸಿತ್ತು.

ವಾರ್ಷಿಕೋತ್ಸವದ ದಿನ ನಾನು ಸೀಟಿ ಬಾಯಿಗಿಡುವಷ್ಟರಲ್ಲಿ ಗೌರವ್ವ ಬಂದಳು, ಕಂಕುಳಲ್ಲಿ ಕೈಚೀಲ. ಯಾರನ್ನೂ ನೋಡಲಿಲ್ಲ. ಬೂಟಿಲ್ಲದೆ ಬೆಂಚಿನ ಮೇಲೆ ಕುಳಿತಿದ್ದ ಹೊಸ ಹುಡುಗಿ ಆಮ್ರಪಾಲಿಯ ಮುಂದೆ ನೆಲಕ್ಕೆ ಕೂತು, ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡಳು. ಬೂಟಿನೊಳಗೆ ಕಾಲು ಪೂರ್ತಿ ಹೋಗಲಿಲ್ಲ. ಗೌರವ್ವ ಬೆರಳು ಹಾಕಿ ತುದಿಯಲ್ಲಿದ್ದ ಸೀರೆಯ ಚಿಂದಿ ಎಳೆದಳು. ಎಳೆದದ್ದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಲಾಡಿ ಬಿಗಿದಳು.

"ಈಗ ಸರಿ ಆದ್ವು ಆಯಿ!" ಎಂದಳು ಹುಡುಗಿ.

ಗೌರವ್ವ ಆ ಕಾಲನ್ನು ಬಿಡಲಿಲ್ಲ. "ಹೇಳಿದ್ನಲ್ಲ ಶಿವಾನಿ, ಬರೂ ವರ್ಷಕ್ಕ ಸರಿ ಆಗ್ತಾವ ಅಂತ."

ಆಮ್ರಪಾಲಿ ತನ್ನ ಹೆಸರು ಬೇರೆಯೆಂದು ಹೇಳಲಿಲ್ಲ. ಮಕ್ಕಳೆಲ್ಲ ನನ್ನ ಸೀಟಿಗೆ ಕಾದು ನಿಂತಿದ್ದರು. ಸೀಟಿ ಕೆಳಗಿಳಿಸಿ, ಗೌರವ್ವ ಆ ಕಾಲು ಬಿಡುವವರೆಗೆ ನಾನೂ ಕಾದೆ.